ನಾನು ಯಾರೆಂದು ಹೇಳುವವರು ಯಾರು? ಲಿಂಗತ್ವ, ಜಾತಿ ಹಾಗೂ ತಾರತಮ್ಯ ನಿಷೇಧದ ಕಾನೂನು

ಧರ್ಮಸಭೆಯ ಸಾಮಾಜಿಕ ಬೋಧನೆಯ ತರಗತಿಯಲ್ಲಿ ಮಾನವ ಘನತೆಯ ಅಧ್ಯಾಯವನ್ನು ಮುಗಿಸುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಬ್ರದರ್ ಒಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. “ಫಾದರ್, ಒಬ್ಬರು ತಾವು ಗಂಡೋ ಹೆಣ್ಣೋ ಎಂಬುದನ್ನು ತಾವೇ ಹೇಳಿಕೊಳ್ಳಬಹುದೆಂದು ಸುಪ್ರೀಂ ಕೋರ್ಟೇ ಹೇಳಿದೆ. ಹಾಗಿದ್ದ ಮೇಲೆ ನನ್ನ ಜಾತಿ ಯಾವುದೆಂದು ನಾನು ಹೇಳಿದರೆ ಏಕೆ ನಂಬುವುದಿಲ್ಲ?” ತರಗತಿ ನಕ್ಕಿತು; ಕೇಳಿದವರು ನಗಲಿಲ್ಲ. ಅವರದು ಚರ್ಮದ ಕೆಲಸದ ಕುಟುಂಬ, ಮನೆ ಇಂದಿಗೂ ಊರಿನ ಹೊರಗಿನ ಕೇರಿಯಲ್ಲಿಯೇ ಇದೆ. ಊರಿನವರ ಕಣ್ಣಿನಲ್ಲಿ ಅವರ ಜಾತಿ ದೀಕ್ಷಾಸ್ನಾನದ ನೀರಿನಿಂದ ತೊಳೆದುಹೋಗಿಲ್ಲ. ತಾಲ್ಲೂಕು ಕಚೇರಿಯ ಕಡತದಲ್ಲಿ ಮಾತ್ರ ಹೋಗಿದೆ. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಲೇಖನ ಆ ಉತ್ತರವನ್ನು ತಿದ್ದಿ ಬರೆಯುವ ಪ್ರಯತ್ನ.

ಮೊದಲಿಗೆ ಒಂದು ವಿವೇಚನೆ ಅಗತ್ಯ. ತಾರತಮ್ಯದ ವಿರುದ್ಧ ನಿಲ್ಲುವ ಕಾನೂನು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಸಂವಿಧಾನದ 15ನೆಯ ಅನುಚ್ಛೇದ ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳಗಳ ಆಧಾರದ ಮೇಲೆ ಯಾರನ್ನೂ ಕೀಳಾಗಿ ಕಾಣಬಾರದೆನ್ನುತ್ತದೆ. ಇದು ಗುರಾಣಿಯ ಕೆಲಸ. ಅದೇ ಅನುಚ್ಛೇದ ಮತ್ತು 16ನೆಯ ಅನುಚ್ಛೇದ ಹಿಂದುಳಿದವರಿಗಾಗಿ ವಿಶೇಷ ಏರ್ಪಾಡುಗಳನ್ನು ಮಾಡಲು ರಾಜ್ಯಕ್ಕೆ ಅವಕಾಶ ಕೊಡುತ್ತವೆ. ಇದು ಹಂಚಿಕೆಯ ಕೆಲಸ. ಗುರಾಣಿಯ ವಿಷಯದಲ್ಲಿ ಮುಖ್ಯವಾದುದು ಹೊಡೆಯುವವನ ಕಣ್ಣು: ಅವನು ಎದುರಿನವರನ್ನು ಏನೆಂದು ಕಂಡು ಹೊಡೆದ? ಹಂಚಿಕೆಯ ವಿಷಯದಲ್ಲಾದರೋ ಪಡೆಯುವವರು ನಿಜವಾಗಿ ಯಾರು ಎಂಬ ಪ್ರಶ್ನೆ ಬರುತ್ತದೆ, ಏಕೆಂದರೆ ಒಬ್ಬರಿಗೆ ಸಿಕ್ಕ ಸ್ಥಾನ ಇನ್ನೊಬ್ಬರಿಗೆ ಸಿಗುವುದಿಲ್ಲ. ಸ್ವಯಂ ಗುರುತಿಸುವಿಕೆಯ ಬಗ್ಗೆ ನಡೆಯುವ ವಾಗ್ವಾದಗಳಲ್ಲಿ ಈ ಎರಡನ್ನು ಬೆರೆಸಿಬಿಡುವುದರಿಂದಲೇ ಅರ್ಧದಷ್ಟು ಗೊಂದಲ ಹುಟ್ಟುತ್ತದೆ.

ಪೌಲನ ಜೀವನದ ಒಂದು ಘಟನೆ ಇಲ್ಲಿ ನೆರವಾಗುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 22ನೆಯ ಅಧ್ಯಾಯದಲ್ಲಿ ಸೈನಿಕರು ಅವನನ್ನು ಚಾವಟಿಯಿಂದ ಹೊಡೆಯಲು ಕಟ್ಟಿಹಾಕುತ್ತಾರೆ. ತಾನು ರೋಮಿನ ಪೌರನೆಂದು ಅವನು ಬಾಯಿಮಾತಿನಲ್ಲಿ ಹೇಳುತ್ತಾನೆ. ಯಾವ ದಾಖಲೆಯನ್ನೂ ತೋರಿಸಿದಂತೆ ಲೂಕನು ಬರೆದಿಲ್ಲ. ಆ ಒಂದು ಮಾತಿಗೆ ಚಾವಟಿ ನಿಲ್ಲುತ್ತದೆ, ಸಹಸ್ರಾಧಿಪತಿಗೆ ಭಯವಾಗುತ್ತದೆ. ಹೇಳಿಕೆಯೇ ಗುರಾಣಿಯಾದ ಪ್ರಸಂಗವಿದು. ಆದರೆ ಅದೇ ಸಾಮ್ರಾಜ್ಯದಲ್ಲಿ, ಪೌರತ್ವವನ್ನು ಸುಳ್ಳಾಗಿ ಹೇಳಿಕೊಂಡವರಿಗೆ ಚಕ್ರವರ್ತಿ ಕ್ಲಾಡಿಯಸ್ ಮರಣದಂಡನೆ ವಿಧಿಸಿದನೆಂದು ಇತಿಹಾಸಕಾರ ಸ್ಯುಟೋನಿಯಸ್ ಹೇಳುತ್ತಾನೆ. ಹೇಳಿಕೆಯನ್ನು ನಂಬುವುದು, ಸುಳ್ಳಿಗೆ ಹೆದರುವುದು, ಇವೆರಡೂ ಆಗಲೇ ಜೊತೆಜೊತೆಯಾಗಿ ಇದ್ದವು. ಇನ್ನೊಂದು ಕಡೆ ಎಜ್ರನ ಗ್ರಂಥದ 2ನೆಯ ಅಧ್ಯಾಯವನ್ನು ನೋಡಿ: ಸೆರೆಯಿಂದ ಹಿಂತಿರುಗಿದ ಕೆಲವು ಯಾಜಕ ಮನೆತನದವರು ವಂಶಾವಳಿಯ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಿದರು, ಸಿಗಲಿಲ್ಲ, ಯಾಜಕತ್ವದಿಂದ ಹೊರಗುಳಿದರು. ಪಾಲು ಹಂಚುವ ಸಂದರ್ಭದಲ್ಲಿ ಬಾಯಿಮಾತು ಸಾಲಲಿಲ್ಲ.

ಈಗ ಲಿಂಗತ್ವದ ವಿಷಯಕ್ಕೆ ಬರೋಣ. 2014ರ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಎ. ಕೆ. ಸಿಕ್ರಿ ಅವರ ಪೀಠ ನೀಡಿದ ತೀರ್ಪನ್ನು ‘ನಾಲ್ಸಾ ತೀರ್ಪು’ ಎಂದು ಕರೆಯುವುದು ರೂಢಿ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಅದರಲ್ಲಿ ಅರ್ಜಿದಾರ. ಸಂವಿಧಾನದಲ್ಲಿರುವ ‘ಲಿಂಗ’ ಎಂಬ ಪದ ಲಿಂಗತ್ವದ ಗುರುತನ್ನೂ ಒಳಗೊಳ್ಳುತ್ತದೆ, ವ್ಯಕ್ತಿಯು ತಾನು ಗಂಡು, ಹೆಣ್ಣು ಅಥವಾ ತೃತೀಯ ಲಿಂಗ ಎಂದು ತಾನೇ ನಿರ್ಣಯಿಸಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿ ಒಡ್ಡಬಾರದು ಎಂದು ನ್ಯಾಯಾಲಯ ಹೇಳಿತು. 1970ರಲ್ಲಿ ಇಂಗ್ಲೆಂಡಿನ ಕಾರ್ಬೆಟ್ ಪ್ರಕರಣದಲ್ಲಿ ಹುಟ್ಟಿನ ದೇಹಲಕ್ಷಣಗಳನ್ನೇ ಅಂತಿಮ ಮಾಪನವಾಗಿಟ್ಟುಕೊಂಡ ಮಾರ್ಗವನ್ನು ಅದು ಒಪ್ಪಲಿಲ್ಲ. ಜೊತೆಗೆ ಈ ಸಮುದಾಯವನ್ನು ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗವೆಂದು ಪರಿಗಣಿಸಿ ಮೀಸಲಾತಿ ಕೊಡಬೇಕೆಂದು ಸರ್ಕಾರಗಳಿಗೆ ನಿರ್ದೇಶಿಸಿತು.

ನ್ಯಾಯಾಲಯ ಏಕೆ ಇಷ್ಟು ದೂರ ಹೋಯಿತು ಎಂಬುದನ್ನು ತಿಳಿಯಲು ಪಟ್ಟಿಗಳ ಚರಿತ್ರೆಯನ್ನು ತಿಳಿಯಬೇಕು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗ ಉತ್ತರ ಭಾರತದಲ್ಲಿ ‘ನಪುಂಸಕರ’ ಪಟ್ಟಿಯನ್ನು ಪೊಲೀಸರ ಕೈಗೆ ಒಪ್ಪಿಸಿತ್ತು. ಆ ಪಟ್ಟಿಗೆ ಸೇರಿದವರು ಹೆಣ್ಣಿನ ಉಡುಪಿನಲ್ಲಿ ಬೀದಿಗೆ ಬಂದರೆ ವಾರಂಟ್ ಇಲ್ಲದೆಯೇ ಬಂಧಿಸಬಹುದಿತ್ತು. ಅದು ಹಳೆಯ ಕಾಲದ ಮಾತು ಎನ್ನುವಂತಿಲ್ಲ. ಇಂಥದೇ ಪಟ್ಟಿಯಿಡುವ ಅಧಿಕಾರ ಕೊಡುವ 36ಎ ಕಲಮು 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯಿದೆಗೇ ಸೇರಿತ್ತು. ಇನ್ನೊಬ್ಬರು ಬರೆದಿಟ್ಟ ಪಟ್ಟಿಯಲ್ಲಿ, ಇನ್ನೊಬ್ಬರು ಕೊಟ್ಟ ಹೆಸರಿನಲ್ಲಿ, ಅಪರಾಧಿಗಳಾಗಿ ಬದುಕಿದವರಿಗೆ ಹೆಸರನ್ನು ಹೇಳುವ ಅಧಿಕಾರವನ್ನು ಮರಳಿಸುವುದೇ ಆ ತೀರ್ಪಿನ ಹೃದಯ. ಮಂಗಳಮುಖಿಯರನ್ನು ಅಥವಾ ಜೋಗಪ್ಪಗಳನ್ನು ಠಾಣೆಯಲ್ಲಿ ನಡೆಸಿಕೊಂಡ ರೀತಿಯನ್ನು ಬಲ್ಲ ಯಾವ ಗುರುವೂ ಇದನ್ನು ಲಘುವಾಗಿ ಕಾಣಲಾರರು.

2019ರ ಅಧಿನಿಯಮ ಈ ತೀರ್ಪನ್ನು ಅರ್ಧ ಮಾತ್ರ ಉಳಿಸಿಕೊಂಡಿತು. ‘ತಾನು ಗ್ರಹಿಸಿಕೊಂಡ ಲಿಂಗತ್ವದ’ ಹಕ್ಕನ್ನು 4ನೆಯ ಪ್ರಕರಣದಲ್ಲಿ ಒಪ್ಪಿ, ಮುಂದಿನ ಪ್ರಕರಣಗಳಲ್ಲಿ ಪ್ರಮಾಣಪತ್ರಕ್ಕಾಗಿ ಜಿಲ್ಲಾ ದಂಡಾಧಿಕಾರಿಯ ಮುಂದೆ ನಿಲ್ಲಬೇಕೆಂದಿತು. ಗಂಡು ಅಥವಾ ಹೆಣ್ಣು ಎಂದು ದಾಖಲಾಗಲು ಶಸ್ತ್ರಚಿಕಿತ್ಸೆಯ ವೈದ್ಯಕೀಯ ಪತ್ರವನ್ನೂ ಕೇಳಿತು. ಕರ್ನಾಟಕ ಸರ್ಕಾರ 2021ರಲ್ಲಿ ನೇಮಕಾತಿ ನಿಯಮಗಳನ್ನು ತಿದ್ದಿ ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಸಮತಲ ಮೀಸಲಾತಿ ತಂದಿತು. ಸಮತಲ ಎಂದರೆ ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಪ್ರತಿಯೊಂದರ ಒಳಗೂ ಶೇಕಡಾ 1. ನಮ್ಮ ಬ್ರದರ್ ಕೇಳಿದ ಪ್ರಶ್ನೆ ಇಲ್ಲಿ ಒಂದೇ ಅರ್ಜಿಯ ಹಾಳೆಯ ಮೇಲೆ ಕಾಣುತ್ತದೆ. ದಲಿತ ಕುಟುಂಬದಲ್ಲಿ ಹುಟ್ಟಿದ ಒಬ್ಬ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ ಲಿಂಗದ ಕಲಮಿನಲ್ಲಿ ತನ್ನ ಅಂತರಂಗದ ಅರಿವನ್ನು ಆಧಾರವಾಗಿಟ್ಟುಕೊಂಡು ಬರೆಯುತ್ತಾನೆ. ಜಾತಿಯ ಕಲಮಿನಲ್ಲಿ ತಂದೆ, ತಾತ, ತಹಶೀಲ್ದಾರ, ಎಲ್ಲರ ಸಾಕ್ಷ್ಯವನ್ನೂ ತರಬೇಕು. ಆ ವ್ಯಕ್ತಿ ಕ್ರೈಸ್ತನಾಗಿದ್ದರೆ ಎರಡನೆಯ ಕಲಮು ಅವನಿಗೆ ಮುಚ್ಚಿಯೇ ಇರುತ್ತದೆ.

ಈ ಭೇದಕ್ಕೆ ಕಾರಣವಿದೆಯೇ? ಇದೆ ಎಂದು ನನ್ನ ಅಭಿಪ್ರಾಯ, ಆದರೆ ಸಾಮಾನ್ಯವಾಗಿ ಕೊಡುವ ಕಾರಣವಲ್ಲ. ಲಿಂಗ ಅಂತರಂಗದ ಸಂಗತಿ, ಜಾತಿ ಅಥವಾ ಜನಾಂಗ ಬಹಿರಂಗದ ಸಂಗತಿ ಎಂದು ಹಲವರು ಹೇಳುತ್ತಾರೆ. ಲಿಂಗಕ್ಕೂ ದೇಹವಿದೆ, ಜಾತಿಗೂ ಮನಸ್ಸಿದೆ. ಈ ವಿಂಗಡಣೆ ನಿಲ್ಲುವುದಿಲ್ಲ. ಗಟ್ಟಿಯಾದ ಕಾರಣವಿರುವುದು ಆನುವಂಶಿಕತೆಯಲ್ಲಿ. ಗಂಡಾಗಲಿ ಹೆಣ್ಣಾಗಲಿ ಪ್ರತಿ ಮನೆಯಲ್ಲೂ ಹುಟ್ಟುತ್ತಾರೆ. ತಾಯಿಯ ಮೇಲಾದ ಅನ್ಯಾಯದ ನಷ್ಟ ಮಗಳಿಗೆ ಮಾತ್ರ ಹರಿದು ಮಗನನ್ನು ಬಿಡುವುದಿಲ್ಲ. ಜಾತಿಯ ನಷ್ಟವಾದರೋ ಹೊಲವಿಲ್ಲದ ತಾತನಿಂದ, ಶಾಲೆಯ ಹೊರಗೆ ಕುಳಿತ ತಂದೆಯಿಂದ, ಸಾಲದೊಡನೆ ಮಗನಿಗೆ ಇಳಿಯುತ್ತದೆ. ಮೀಸಲಾತಿ ತೀರಿಸಲು ಹೊರಟಿರುವುದು ಆ ಸಾಲವನ್ನು. ಸಾಲ ಇಳಿದುಬಂದಿದೆಯೇ ಎಂದು ಕೇಳುವುದು ಅಂತರಂಗವನ್ನು ಶೋಧಿಸುವುದಲ್ಲ. ಅಮೆರಿಕದಲ್ಲಿ ರೆಬೆಕ್ಕಾ ಟುವೆಲ್ ಎಂಬ ತತ್ತ್ವಶಾಸ್ತ್ರಜ್ಞೆ 2017ರಲ್ಲಿ ‘ಹೈಪೇಷಿಯಾ’ ಪತ್ರಿಕೆಯಲ್ಲಿ, ಲಿಂಗತ್ವದ ಬದಲಾವಣೆಯನ್ನು ಒಪ್ಪುವವರು ಜನಾಂಗದ ಬದಲಾವಣೆಯನ್ನೂ ಒಪ್ಪಬೇಕಾಗುತ್ತದೆ ಎಂದು ವಾದಿಸಿದಾಗ ದೊಡ್ಡ ಕೋಲಾಹಲವೇ ನಡೆಯಿತು. ಕೂಗಾಡಿದವರಿಗಿಂತ, ಶಾಂತವಾಗಿ ಈ ಆನುವಂಶಿಕತೆಯ ಪ್ರಶ್ನೆಯನ್ನು ಎತ್ತಿದವರೇ ಆಕೆಗೆ ಸರಿಯಾದ ಉತ್ತರ ಕೊಟ್ಟರೆಂದು ನಾನು ಭಾವಿಸುತ್ತೇನೆ.

ಬಾಸ್ಟನ್ ನಗರದ ಒಂದು ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಅವಳಿ ಸಹೋದರರಿಬ್ಬರು 1975ರಲ್ಲಿ ಬಿಳಿಯರೆಂದು ಬರೆದು ಅಗ್ನಿಶಾಮಕ ದಳಕ್ಕೆ ಅರ್ಜಿ ಹಾಕಿದರು, ಆಯ್ಕೆಯಾಗಲಿಲ್ಲ. 1977ರಲ್ಲಿ ಕರಿಯರೆಂದು ಬರೆದು ಹಾಕಿದರು, ಕೆಲಸ ಸಿಕ್ಕಿತು. ಹತ್ತು ವರ್ಷಗಳ ಬಳಿಕ ಬಡ್ತಿಯ ಸಮಯದಲ್ಲಿ ಸಂಗತಿ ಹೊರಬಿದ್ದು 1988ರಲ್ಲಿ ಕೆಲಸ ಹೋಯಿತು. ಮುತ್ತಜ್ಜಿ ಕಪ್ಪು ಜನಾಂಗದವಳೆಂದು ತಾಯಿ ಹೇಳಿದ್ದಳೆಂಬುದು ಅವರ ಸಮರ್ಥನೆ. ಅಧಿಕಾರಿಗಳು ಇಟ್ಟ ಮಾಪನ ಮೂರು ಬಗೆಯದು: ನೋಟಕ್ಕೆ ಕಾಣುವ ರೂಪ, ಜನನಪತ್ರದಂತಹ ದಾಖಲೆ, ಇಲ್ಲವೇ ತಾವು ಆ ಜನಾಂಗದವರೆಂದು ಬದುಕಿ ಆ ಸಮುದಾಯದಿಂದಲೂ ಹಾಗೆ ಪರಿಗಣಿಸಲ್ಪಟ್ಟ ಸಾಕ್ಷ್ಯ. ಮೂರರಲ್ಲಿ ಒಂದೂ ಅವರ ಬಳಿ ಇರಲಿಲ್ಲ. ಮುತ್ತಜ್ಜಿ ನಿಜವಾಗಿಯೂ ಇದ್ದಿರಬಹುದು. ಆದರೆ ಆಕೆಯ ಸಂಕಟ ಅವರ ಮನೆಯ ಬಾಗಿಲನ್ನು ತಟ್ಟಿರಲಿಲ್ಲ.

ನಮ್ಮ ಸುಪ್ರೀಂ ಕೋರ್ಟ್ ಇದೇ ತರ್ಕವನ್ನು ಕಥೋಲಿಕರ ಮಧ್ಯೆಯೇ ಅನ್ವಯಿಸಿದ್ದುಂಟು. ಕೊಚ್ಚಿನ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಥೋಲಿಕ ಹಿಂದುಳಿದ ಮೀನುಗಾರರಿಗೆ ಮೀಸಲಾಗಿದ್ದ ಕಾನೂನು ಉಪನ್ಯಾಸಕ ಹುದ್ದೆಗೆ, ಲ್ಯಾಟಿನ್ ಕಥೋಲಿಕರನ್ನು ಮದುವೆಯಾಗಿದ್ದ ಸಿರಿಯನ್ ಕಥೋಲಿಕ ಮಹಿಳೆಯೊಬ್ಬರು ನೇಮಕಗೊಂಡಿದ್ದರು. ಮದುವೆಯಿಂದ ಆಕೆ ಗಂಡನ ಕುಟುಂಬದ, ಸಮುದಾಯದ ಸದಸ್ಯೆಯಾದುದು ಹೌದು, ಆದರೆ ಮುಂದುವರಿದ ಸಮುದಾಯದಲ್ಲಿ ಬೆಳೆದ ಆಕೆ ಆ ಹಿಂದುಳಿದಿರುವಿಕೆಯನ್ನು ಅನುಭವಿಸಿದವರಲ್ಲ ಎಂದು 1996ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. ಸದಸ್ಯತ್ವ ಬೇರೆ, ಸಂಕಟದ ಪಾಲು ಬೇರೆ. ಈ ತೀರ್ಪನ್ನು ನಾನು ಒಪ್ಪುತ್ತೇನೆ.

ಹಾಗಾದರೆ ಇದೇ ತರ್ಕವನ್ನು ದಲಿತ ಕ್ರೈಸ್ತನ ವಿಷಯದಲ್ಲಿ ತಿರುಗಿಸಿ ಹಿಡಿಯಬೇಡವೇ? ಸಂಕಟವೇ ಮಾಪನವಾದರೆ, ಸಂಕಟ ಇಳಿದುಬಂದಿರುವ ಮನೆಗೆ ಧರ್ಮದ ಕಾರಣದಿಂದ ಬಾಗಿಲು ಮುಚ್ಚುವುದು ಹೇಗೆ? 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದ ಮೂರನೆಯ ಪರಿಚ್ಛೇದ ಹಿಂದೂ ಧರ್ಮದವರಲ್ಲದವರನ್ನು ಪರಿಶಿಷ್ಟ ಜಾತಿಯೆಂದು ಪರಿಗಣಿಸಲಾಗದೆಂದಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ಪರಿಶಿಷ್ಟ ಪಂಗಡಗಳಿಗೆ ಇಂತಹ ಧರ್ಮದ ಗಡಿಯೇ ಇಲ್ಲ. 1985ರ ಸೂಸೈ ಪ್ರಕರಣದಲ್ಲಿ ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಆದಿದ್ರಾವಿಡ ಕ್ರೈಸ್ತನೊಬ್ಬ, ಪಕ್ಕದಲ್ಲಿ ಕುಳಿತವರಿಗೆ ಸರ್ಕಾರ ಕೊಟ್ಟ ಗೂಡಂಗಡಿ ತನಗೇಕಿಲ್ಲವೆಂದು ಕೇಳಿದ. ಮತಾಂತರದ ನಂತರವೂ ಅದೇ ತೀವ್ರತೆಯ ದಬ್ಬಾಳಿಕೆ ಕ್ರೈಸ್ತ ಸಮುದಾಯದಲ್ಲಿ ಮುಂದುವರಿದಿದೆಯೆಂದು ರುಜುವಾತಾಗಿಲ್ಲ ಎಂದು ನ್ಯಾಯಾಲಯ ಉತ್ತರಿಸಿತು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಆ ಪರಿಚ್ಛೇದವನ್ನು ಕೈಬಿಡುವಂತೆ ಶಿಫಾರಸು ಮಾಡಿತು, 2022ರಲ್ಲಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ರಚನೆಯಾಯಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿದ್ದಾರೆ. ಇತರ ಕ್ರೈಸ್ತರು 3ಬಿಯಲ್ಲಿ. ಅಂದರೆ ರಾಜ್ಯ ಸರ್ಕಾರಕ್ಕೆ ಈ ಭೇದ ಕಾಣುತ್ತದೆ.

ಹಂಚಿಕೆ ಹೋಗಲಿ, ಗುರಾಣಿಯೂ ಕೈತಪ್ಪುತ್ತಿದೆ. 2025ರ ಏಪ್ರಿಲ್ ಕೊನೆಯಲ್ಲಿ ಆಂಧ್ರಪ್ರದೇಶದ ಹೈಕೋರ್ಟ್, ಪಾಸ್ಟರಾಗಿ ಸೇವೆ ಮಾಡುತ್ತಿದ್ದ ವ್ಯಕ್ತಿಯೊಬ್ಬರು ಜಾತಿ ನಿಂದನೆಯ ವಿರುದ್ಧ ಹೂಡಿದ ದೌರ್ಜನ್ಯ ತಡೆ ಮೊಕದ್ದಮೆಯನ್ನು, ಕ್ರೈಸ್ತರಾದ ಅವರು ಪರಿಶಿಷ್ಟ ಜಾತಿಯವರಲ್ಲವೆಂಬ ಕಾರಣಕ್ಕೆ ರದ್ದುಗೊಳಿಸಿತು. ಬೈದವನಿಗೆ ಕಂಡದ್ದು ಜಾತಿ. ಕಾನೂನಿಗೆ ಕಂಡದ್ದು ಶಿಲುಬೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದೇ ತಿಂಗಳಲ್ಲಿ, 2010ರ ಸಮಾನತಾ ಕಾಯಿದೆಯಲ್ಲಿ ‘ಸ್ತ್ರೀ’ ಎಂದರೆ ಜೈವಿಕ ಲಿಂಗವೆಂದು ತೀರ್ಪಿತ್ತಾಗಲೂ, ಲಿಂಗ ಪರಿವರ್ತಿತರನ್ನು ತಾರತಮ್ಯದಿಂದ ಕಾಯುವ ಗುರಾಣಿ ಹಾಗೆಯೇ ಉಳಿದಿದೆ ಎಂದು ಒತ್ತಿ ಹೇಳಿತ್ತು. ಹಂಚಿಕೆಯ ಬಗ್ಗೆ ಕಟ್ಟುನಿಟ್ಟಾಗಿದ್ದೂ ಗುರಾಣಿಯನ್ನು ಉದಾರವಾಗಿ ಕೊಡಲು ಸಾಧ್ಯವೆಂಬುದು ಇದರಿಂದ ಸ್ಪಷ್ಟ.

ಇನ್ನು ‘ನಾನು ಹಿಂದೂ ಧರ್ಮಕ್ಕೆ ಮರಳಿದ್ದೇನೆ’ ಎಂಬ ಹೇಳಿಕೆಯನ್ನು ನ್ಯಾಯಾಲಯ ಹೇಗೆ ಅಳೆಯುತ್ತದೆ? ಇದರ ಮೂಲ ನಿದರ್ಶನ ನಮ್ಮ ಕೋಲಾರದ ಚಿನ್ನದ ಗಣಿಯದು. 1967ರಲ್ಲಿ ಅಲ್ಲಿನ ಮೀಸಲು ಕ್ಷೇತ್ರದಿಂದ ಗೆದ್ದ ಎಸ್. ರಾಜಗೋಪಾಲ್ ಅವರ ಆಯ್ಕೆಯನ್ನು ಸಿ. ಎಂ. ಆರುಮುಗಂ ಪ್ರಶ್ನಿಸಿದರು, 1949ರಲ್ಲಿ ಕ್ರೈಸ್ತರಾಗಿದ್ದ ರಾಜಗೋಪಾಲ್ ಮರಳಿ ಆದಿದ್ರಾವಿಡ ಜಾತಿಗೆ ಸೇರಿಸಲ್ಪಟ್ಟದ್ದಕ್ಕೆ ಸಾಕ್ಷ್ಯವಿಲ್ಲವೆಂದು ಆಯ್ಕೆ ಅಸಿಂಧುವಾಯಿತು. 1972ರಲ್ಲಿ ಮತ್ತೆ ಗೆದ್ದರು, ಮತ್ತೆ ಮೊಕದ್ದಮೆ ಬಂತು. ಈ ಬಾರಿ, 1975ರಲ್ಲಿ, ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಏಕೆ? ಆದಿದ್ರಾವಿಡರ ದೇವಸ್ಥಾನದ ಗೋಡೆಗೆ ಶಂಕುಸ್ಥಾಪನೆ ಮಾಡಲು ಅವರನ್ನು ಕರೆದಿದ್ದರು, ಮಾರಿಯಮ್ಮನ ಹಬ್ಬದಲ್ಲಿ ಪಾಲ್ಗೊಂಡಿದ್ದರು, ತಂದೆಯ ಉತ್ತರಕ್ರಿಯೆ ಜಾತಿಯ ಪದ್ಧತಿಯಂತೆ ನಡೆದಿತ್ತು, ಮಕ್ಕಳ ಶಾಲಾ ದಾಖಲೆಯಲ್ಲಿ ಆದಿದ್ರಾವಿಡ ಹಿಂದೂ ಎಂದಿತ್ತು. ಅಂದರೆ ಅವರು ತಮ್ಮನ್ನು ಗುರುತಿಸಿಕೊಂಡದ್ದಷ್ಟೇ ಸಾಲದು, ಕೇರಿ ಅವರನ್ನು ಗುರುತಿಸಬೇಕಾಗಿತ್ತು. ಕೇರಳದ ಪ್ರಕರಣವೊಂದರಲ್ಲಿ 2015ರಲ್ಲಿ ನ್ಯಾಯಾಲಯ ಇದನ್ನೇ ಸೂತ್ರವಾಗಿಸಿತು: ಪೂರ್ವಿಕರ ಜಾತಿಗೆ ಪುರಾವೆ, ಮರುಮತಾಂತರಕ್ಕೆ ಪುರಾವೆ, ಸಮುದಾಯದ ಅಂಗೀಕಾರಕ್ಕೆ ಪುರಾವೆ.

ಗುರುಗಳಾದ ನಮಗೆ ಇನ್ನೂ ಹತ್ತಿರದ ಪ್ರಕರಣ 2024ರ ನವೆಂಬರ್ 26ರದು. ಪುದುಚೇರಿಯ ಮಹಿಳೆಯೊಬ್ಬರು ಗುಮಾಸ್ತೆ ಹುದ್ದೆಗಾಗಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದ್ದರು. ತಂದೆ ಹಿಂದೂ, ತಾಯಿ ಕ್ರೈಸ್ತೆ. ತಾನು ಹಿಂದೂ ಎಂದು ಆಕೆ ಹೇಳಿದರು. ನ್ಯಾಯಾಲಯ ಎತ್ತಿಕೊಂಡ ಸಾಕ್ಷ್ಯಗಳಲ್ಲಿ ಆಕೆ ಮಗುವಾಗಿದ್ದಾಗ ನಡೆದ ದೀಕ್ಷಾಸ್ನಾನದ ದಾಖಲೆಯೂ ಇತ್ತು. ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾತ್ರ ಧರ್ಮವನ್ನು ಹೇಳಿಕೊಳ್ಳುವುದು ಸಂವಿಧಾನಕ್ಕೆ ಎಸಗುವ ವಂಚನೆಯೆಂದು ಅದು ಹೇಳಿತು. ನಮ್ಮ ಕಚೇರಿಯ ಬೀರುವಿನಲ್ಲಿರುವ ಪುಸ್ತಕ ನ್ಯಾಯಾಲಯದಲ್ಲಿ ಮಾತನಾಡುತ್ತದೆ ಎಂಬುದನ್ನು ನಾವು ಮರೆಯಬಾರದು.

ಇಲ್ಲಿ ದೈವಶಾಸ್ತ್ರ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ದೀಕ್ಷಾಸ್ನಾನ ಸ್ವಯಂ ಗುರುತಿಸುವಿಕೆಗೆ ತದ್ವಿರುದ್ಧವಾದ ಸಂಗತಿ. ಶಿಶು ತನ್ನನ್ನು ಏನೆಂದೂ ಹೇಳಿಕೊಳ್ಳುವುದಿಲ್ಲ. ಅದಕ್ಕೆ ಹೆಸರಿಡಲಾಗುತ್ತದೆ, ಅಳಿಸಲಾಗದ ಮುದ್ರೆ ಒತ್ತಲಾಗುತ್ತದೆ. ಗುರುತು ಪಡೆದುಕೊಳ್ಳುವಂಥದು ಎಂಬುದೇ ನಮ್ಮ ವಿಶ್ವಾಸ. ಆದ್ದರಿಂದ ‘ನಾನು ಹೇಳಿದ್ದೇ ನಾನು’ ಎಂಬ ತತ್ತ್ವವನ್ನು ಧರ್ಮಸಭೆ ಪೂರ್ಣವಾಗಿ ಒಪ್ಪಲಾರದು. 2024ರ ‘ಡಿಗ್ನಿತಾಸ್ ಇನ್ಫಿನಿತಾ’ ಘೋಷಣೆ ದೇಹವನ್ನು ವರವೆಂದು ಸ್ವೀಕರಿಸಬೇಕೆಂದೂ ಲಿಂಗತ್ವ ಸಿದ್ಧಾಂತ ಗಂಡು ಹೆಣ್ಣಿನ ಭೇದವನ್ನು ಅಳಿಸುತ್ತದೆಂದೂ ಎಚ್ಚರಿಸುತ್ತದೆ. ಪೋಪ್ ಫ್ರಾನ್ಸಿಸರು ‘ಅಮೋರಿಸ್ ಲೇತಿತಿಯ’ದಲ್ಲಿ ಜೈವಿಕ ಲಿಂಗವನ್ನೂ ಅದರ ಸಾಮಾಜಿಕ ಪಾತ್ರವನ್ನೂ ವಿವೇಚಿಸಬಹುದು, ಬೇರ್ಪಡಿಸಲಾಗದು ಎಂದಿದ್ದಾರೆ. ಇದನ್ನು ನಾನು ಬೋಧಿಸುತ್ತೇನೆ, ನಂಬುತ್ತೇನೆ. ಆದರೆ ಅದೇ ಬೋಧನಾಧಿಕಾರ 2023ರ ಅಕ್ಟೋಬರ್ 31ರಂದು ಬ್ರೆಜಿಲಿನ ಧರ್ಮಾಧ್ಯಕ್ಷರೊಬ್ಬರಿಗೆ ಕೊಟ್ಟ ಉತ್ತರದಲ್ಲಿ, ಲಿಂಗ ಪರಿವರ್ತಿತ ವ್ಯಕ್ತಿ ಇತರರಂತೆಯೇ ದೀಕ್ಷಾಸ್ನಾನ ಪಡೆಯಬಹುದು, ಹಗರಣಕ್ಕೆ ಅಥವಾ ಗೊಂದಲಕ್ಕೆ ಎಡೆಯಾಗದಂತಿರಬೇಕು ಎಂದಿತು. ಎರಡನ್ನೂ ಒಟ್ಟಿಗೆ ಓದಬೇಕು.

ನಾಗರಿಕ ಕಾನೂನು ಮನುಷ್ಯನ ಪರಮ ಸತ್ಯವನ್ನು ನಿರ್ಣಯಿಸುವ ಪೀಠವಲ್ಲ. ಮಾನವ ಕಾನೂನು ಎಲ್ಲ ದೋಷಗಳನ್ನೂ ತಡೆಯಲು ಹೊರಡಬಾರದೆಂದು ಸಂತ ಥಾಮಸ್ ಅಕ್ವಿನಾಸರು ‘ಸುಮ್ಮಾ’ದಲ್ಲಿ ವಾದಿಸಿದ್ದಾರೆ, ಅದರ ವ್ಯಾಪ್ತಿ ಕಿರಿದು. ಒಬ್ಬರ ದೇಹವನ್ನು ತಪಾಸಣೆ ಮಾಡುವ ಅಧಿಕಾರ ಪೊಲೀಸನಿಗಾಗಲಿ ಗುಮಾಸ್ತನಿಗಾಗಲಿ ಇರಬಾರದು ಎಂದು ಹೇಳಲು, ಆ ದೇಹದ ಬಗ್ಗೆ ಆ ವ್ಯಕ್ತಿ ನಂಬಿರುವುದೆಲ್ಲವೂ ಸರಿಯೆಂದು ಒಪ್ಪಬೇಕಾಗಿಲ್ಲ. ನಾಲ್ಸಾ ತೀರ್ಪನ್ನು ಮಾನವಶಾಸ್ತ್ರದ ಗ್ರಂಥವಾಗಿ ಓದಿದರೆ ನಮಗೆ ತಕರಾರುಗಳಿವೆ. ಅಧಿಕಾರಕ್ಕೆ ಹಾಕಿದ ಕಡಿವಾಣವಾಗಿ ಓದಿದರೆ ಅದು ಘನತೆಯ ಪರವಾಗಿದೆ. ಯೆಶಾಯನ 56ನೆಯ ಅಧ್ಯಾಯದಲ್ಲಿ ದೇವರು ನಪುಂಸಕರಿಗೆ ತನ್ನ ಆಲಯದೊಳಗೆ ಮಕ್ಕಳಿಗಿಂತ ಮಿಗಿಲಾದ ಹೆಸರನ್ನು ಕೊಡುವೆನೆನ್ನುವಾಗ, ಮೊದಲು ಅವರ ತಪಾಸಣೆ ನಡೆಯಲಿ ಎನ್ನುವುದಿಲ್ಲ.

ಜಾತಿಯ ವಿಷಯದಲ್ಲಿ ನಮ್ಮ ಇಕ್ಕಟ್ಟು ಇನ್ನೂ ದೊಡ್ಡದು. ಗಲಾತ್ಯರಿಗೆ ಬರೆದ ಪತ್ರದ 3:28ನ್ನು ಪ್ರಬೋಧಿಸುತ್ತ ‘ಕ್ರಿಸ್ತನಲ್ಲಿ ಜಾತಿಯಿಲ್ಲ’ ಎನ್ನುತ್ತೇವೆ. ಸೂಸೈ ಪ್ರಕರಣದ ನ್ಯಾಯಾಲಯ ನಮ್ಮ ಮಾತನ್ನೇ ನಂಬಿದಂತಿದೆ! ದಲಿತ ಕ್ರೈಸ್ತರ ಹಕ್ಕು ಕೇಳಲು ಹೋದಾಗ ‘ನಮ್ಮಲ್ಲಿ ಜಾತಿಯಿದೆ’ ಎಂದು ನಾವೇ ಸಾಕ್ಷ್ಯ ನುಡಿಯಬೇಕು: ಬೇರೆ ಬೇರೆ ಸ್ಮಶಾನಗಳ, ಮದುವೆಯ ಮಾತುಕತೆಗಳ, ಧರ್ಮಕೇಂದ್ರದ ಹಬ್ಬದಲ್ಲಿ ತೇರು ಹೋಗದ ಬೀದಿಗಳ ಸಾಕ್ಷ್ಯ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ದಲಿತ ಸಬಲೀಕರಣ ನೀತಿಯಲ್ಲಿ ಧರ್ಮಸಭೆಯೊಳಗಿನ ಈ ಪಾಪವನ್ನು ಒಪ್ಪಿಕೊಂಡಿದೆ. ಅದನ್ನು ಎಷ್ಟು ಧರ್ಮಕೇಂದ್ರಗಳಲ್ಲಿ ಓದಲಾಯಿತೆಂದು ಕೇಳಲು ನನಗೆ ಧೈರ್ಯ ಸಾಲದು. ಪೌಲನ ಮಾತು ನಾವು ತಲುಪಬೇಕಾದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ತಲುಪಿದ್ದೇವೆಂಬ ಪ್ರಮಾಣಪತ್ರವಲ್ಲ.

ಆದುದರಿಂದ ಆ ಬ್ರದರಿಗೆ ನಾನು ಈಗ ಕೊಡುವ ಉತ್ತರ ಇದು: ಜಾತಿಯನ್ನು ಬಾಯಿಮಾತಿನಿಂದ ಪಡೆಯಲಾಗದು ಎಂಬ ಕಾನೂನು ಸರಿ. ಆದರೆ ನಿಮ್ಮ ವಿಷಯದಲ್ಲಿ ನಡೆದಿರುವುದು ಅದಲ್ಲ. ನಿಮ್ಮ ಬಳಿ ಪೂರ್ವಿಕರ ಪುರಾವೆಯಿದೆ, ಕೇರಿಯ ಅಂಗೀಕಾರವಿದೆ, ಸಂಕಟವೂ ಇದೆ. ಇಷ್ಟಿದ್ದೂ ನಿಮ್ಮನ್ನು ತಡೆಯುತ್ತಿರುವುದು ನಿಮ್ಮ ವಿಶ್ವಾಸದ ಘೋಷಣೆ. ನಿಮ್ಮ ಹೇಳಿಕೆಗಳಲ್ಲಿ ರಾಜ್ಯ ನಂಬಿರುವುದು ‘ನಾನು ಕ್ರೈಸ್ತ’ ಎಂಬ ಒಂದನ್ನು ಮಾತ್ರ, ಅದನ್ನೂ ನಿಮ್ಮ ವಿರುದ್ಧವಾಗಿ.

ಸಹಾಯಕ ಗುರುವಾಗಿದ್ದ ಮೊದಲ ವರ್ಷದಲ್ಲಿ ತಾಯಿಯೊಬ್ಬರು ಕೂಸನ್ನೆತ್ತಿಕೊಂಡು ಬಂದು, “ದೀಕ್ಷಾಸ್ನಾನ ಕೊಡಿ ಸ್ವಾಮಿ, ಪುಸ್ತಕದಲ್ಲಿ ಮಾತ್ರ ಬರೀಬೇಡಿ” ಎಂದು ಕೇಳಿಕೊಂಡಿದ್ದರು. ಕಾನೂನು ಸಂಹಿತೆಯ 877ನೆಯ ವಿಧಿ ನನಗೆ ಗೊತ್ತಿತ್ತು, ತಡಮಾಡದೆ ಬರೆಯಬೇಕೆನ್ನುತ್ತದೆ. ಅವರಿಗೂ ತಹಶೀಲ್ದಾರರ ಕಚೇರಿ ಗೊತ್ತಿತ್ತು. ಸುಳ್ಳು ಪತ್ರ ಕೊಡಲಾಗದು, ಸತ್ಯವನ್ನು ಮರೆಮಾಚಲೂ ಆಗದೆಂದು ಆಕೆಗೆ ವಿವರಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಬರೆಯಿರಿ ಎಂದರು. ಬರೆದೆ. ಆ ಕೂಸು ಈಗ ಪಿಯುಸಿ ಮುಗಿಸುವ ವಯಸ್ಸಿನಲ್ಲಿದೆ. ಆ ಪುಟದ ಪ್ರತಿಯನ್ನು ಕೇಳಿಕೊಂಡು ಇದುವರೆಗೆ ಯಾರೂ ಬಂದಿಲ್ಲವೆಂದು ಅಲ್ಲಿನ ಈಗಿನ ಗುರುಗಳು ತಿಳಿಸಿದ್ದಾರೆ.